ಜರುಗಿಸಬಹುದಾದ ಅಡುಗೆಮನೆ: ವಿಜಯನಗರದ ಒಂದು ಹಳೆಯ ಮನೆಯ ಪ್ರಕರಣ

ಬೆಂಗಳೂರಿನ ವಿಜಯನಗರದ ಹಳೆಯ ಮನೆ ಇದು. ನೆಲಮಹಡಿ ಮಾತ್ರ. ಅಡುಗೆಮನೆ 10 ಅಡಿ ಉದ್ದ, 8 ಅಡಿ ಅಗಲ. ಅಗಲದ ಎರಡೂ ಗೋಡೆಗಳ ಮಧ್ಯಭಾಗದಲ್ಲಿ ಒಂದೊಂದು ಬಾಗಿಲು. ದಕ್ಷಿಣದ್ದು ನಡುಮನೆಗೆ ಹೋಗುತ್ತದೆ, ಉತ್ತರದ್ದು ಯುಟಿಲಿಟಿಗೆ, ಅಂದರೆ ಪಾತ್ರೆ-ಬಟ್ಟೆ ತೊಳೆಯುವ ಜಾಗಕ್ಕೆ. ಪೂರ್ವದ ಉದ್ದ ಗೋಡೆಯಲ್ಲಿ ಕಿಟಕಿ, ಅದರ ಕೆಳಗೆ 32 ಅಂಗುಲ ಎತ್ತರದ ಕಲ್ಲಿನ ಕಟ್ಟೆ. ಪಶ್ಚಿಮದ ಗೋಡೆ ತುಂಬ ಕಡಪ ಕಲ್ಲಿನ ಗೂಡುಗಳು. ಹಳೇ ಬೆಂಗಳೂರಿನ ಬಡಾವಣೆಗಳಲ್ಲಿ ಇಂಥ ಅಡುಗೆಮನೆಗಳು ಬೇಕಾದಷ್ಟಿವೆ. ಅದಕ್ಕೇ ಈ ಪ್ರಕರಣವನ್ನು ಬಿಡಿಸಿ ಬರೆಯುತ್ತಿದ್ದೇನೆ.

ಮನೆಯಲ್ಲಿ ನಾಲ್ಕು ಜನ. ಎಪ್ಪತ್ತು ದಾಟಿದ ತಾಯಿ, ಮಗ, ಸೊಸೆ, ಹೈಸ್ಕೂಲಿಗೆ ಹೋಗುವ ಮೊಮ್ಮಗಳು. ಬೆಳಗಿನ ಅಡುಗೆ ಅತ್ತೆಯದು, ಸಂಜೆಯದು ಸೊಸೆಯದು. ಭಾನುವಾರ ಮಗನೂ ಒಲೆ ಮುಂದೆ ನಿಲ್ಲುತ್ತಾರೆ. ಅತ್ತೆಯ ಎತ್ತರ 4 ಅಡಿ 10 ಅಂಗುಲ, ಸೊಸೆಯದು 5 ಅಡಿ 6 ಅಂಗುಲ. ಈ ಎಂಟು ಅಂಗುಲದ ವ್ಯತ್ಯಾಸವೇ ಇಡೀ ಯೋಜನೆಯನ್ನು ಹಿಡಿದು ನಡೆಸಿತು.

ಅಡುಗೆಮನೆಯನ್ನು ಹೊಸದಾಗಿ ಮಾಡಿಸುವ ಮಾತು ಬಂದಾಗ ಮೂವರು ಮೂರು ಮಾತು ಹೇಳಿದರು. ಸೊಸೆಯದು ಸೊಂಟದ ನೋವು. ಬಗ್ಗಿ ಪಾತ್ರೆ ತೊಳೆದು, ಬಗ್ಗಿ ತರಕಾರಿ ಹೆಚ್ಚಿ ಸಾಕಾಗಿತ್ತು. ಮಗನದು ಮುಂದಿನ ಲೆಕ್ಕ. "ಇನ್ನು ಕೆಲವು ವರ್ಷಕ್ಕೆ ಮೇಲೊಂದು ಮಹಡಿ ಕಟ್ಟಬೇಕು ಅಂತಿದೀವಿ. ಆಗ ನಾವು ಮೇಲೆ ಹೋದರೆ ಇದನ್ನೆಲ್ಲ ಒಡೆದು ಹಾಕೋ ಹಾಗಾಗಬಾರದು" ಅಂದರು. ಅತ್ತೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಕೇಳಿದರು: "ನೋಡಪ್ಪ, ಎಲ್ಲಾ ಕಡೆ ಡಬ್ಬ ಕೂರಿಸಿಬಿಟ್ರೆ ನಾನು ಈಳಿಗೆ ಮಣೆ ಎಲ್ಲಿ ಹಾಕ್ಕೊಂಡು ಕೂರಲಿ?"

ಆ ಮನೆಗೆ ಮೊದಲೇ ಒಂದು ಅಂಗಡಿಯಿಂದ ನಕ್ಷೆ ಬಂದಿತ್ತು. ಎರಡೂ ಗೋಡೆಗೆ ನೆಲದಿಂದ ಅಟ್ಟದವರೆಗೆ ಕ್ಯಾಬಿನೆಟ್. ಎಲ್ಲ ಕಡೆ ಒಂದೇ ಎತ್ತರದ ಕಟ್ಟೆ. ಮೇಲೆ 10 ಅಡಿ ಉದ್ದದ ಒಂದೇ ಕಲ್ಲು. ನೋಡಲು ಚೆನ್ನಾಗಿತ್ತು. ಆದರೆ ಅತ್ತೆಯವರ ಪ್ರಶ್ನೆಗೆ ಅದರಲ್ಲಿ ಉತ್ತರ ಇರಲಿಲ್ಲ. ಮಗನ ಪ್ರಶ್ನೆಗೂ ಇರಲಿಲ್ಲ. ಇಂಥ ಬಿಡಿ ಬಾಕ್ಸು ಜೋಡಿಸಿದ ಅಡುಗೆಮನೆಗೆ ಮಾಡ್ಯುಲರ್ ಅನ್ನುತ್ತಾರೆ. ಮಾಡ್ಯುಲರ್ ಅಂದಮಾತ್ರಕ್ಕೆ ಅದು ಜರುಗುತ್ತದೆ ಅಂತಲ್ಲ. ಬಿಡಿ ಬಿಡಿ ಬಾಕ್ಸುಗಳನ್ನು ತಂದು, ಒಂದೇ ಕಲ್ಲಿನಡಿ ಒತ್ತಿ, ಸುತ್ತ ಸಿಮೆಂಟು ತುಂಬಿದರೆ ಅದೂ ಹಳೇ ಕಟ್ಟೆಯಷ್ಟೇ ಗಟ್ಟಿ ಕುಳಿತುಬಿಡುತ್ತದೆ.

ಯಾವುದು ಜರುಗುವುದಿಲ್ಲ ಅಂತ ಮೊದಲು ಗೊತ್ತಾಗಬೇಕು

ಅಡುಗೆಮನೆಯಲ್ಲಿ ನಿಜವಾಗಿ ಅಲುಗಿಸಲಾಗದ್ದು ನಾಲ್ಕೇ: ನೀರು ಬರುವ ಮತ್ತು ಹೋಗುವ ಜಾಗ, ಗ್ಯಾಸ್ ಲೈನು, ಹೊಗೆ ಹೋಗುವ ತೂತು, ಕರೆಂಟಿನ ವೈರು. ಇವು ಗೋಡೆಯೊಳಗೆ ಹೋಗುತ್ತವೆ. ಗೋಡೆ ಒಡೆಯುವುದು ಒಂದೇ ಸಲ. ಹಾಗಾಗಿ ಈ ನಾಲ್ಕನ್ನೂ ಪೂರ್ವದ ಗೋಡೆಯಲ್ಲೇ ಇಟ್ಟೆವು. ಪಶ್ಚಿಮದ ಗೋಡೆಗೆ ಬರೀ ಕರೆಂಟು. ಪೂರ್ವದ ಸಾಲು ನಿಂತ ಸಾಲು, ಪಶ್ಚಿಮದ್ದು ಜರುಗುವ ಸಾಲು.

ನಡುವಿನ ಓಡಾಟದ ಜಾಗದ ಲೆಕ್ಕ ಸುಲಭ. 8 ಅಡಿ ಅಂದರೆ ಸುಮಾರು 2440 ಮಿ.ಮೀ. ಎರಡು ಕಡೆ 600 ಆಳದ ಕಟ್ಟೆ ಹೋದರೆ 1240 ಉಳಿಯುತ್ತದೆ. ಒಬ್ಬರು ಒಲೆ ಮುಂದೆ ನಿಂತಿದ್ದಾಗ ಇನ್ನೊಬ್ಬರು ಹಿಂದಿನಿಂದ ಪಾತ್ರೆ ಹಿಡಿದು ದಾಟಬಹುದು. ಎರಡು ಸಾಲು ಎದುರುಬದುರಾಗಿದ್ದರೆ ಇನ್ನೊಂದು ಲಾಭ: ಮೂಲೆಯೇ ಇಲ್ಲ. ಎಲ್ ಆಕಾರದ ಅಡುಗೆಮನೆಯಲ್ಲಿ ಮೂಲೆಯ ಬಾಕ್ಸಿಗೆ ಕೈ ಹೋಗುವುದಿಲ್ಲ. ಅದನ್ನು ಹೊರಗೆಳೆಯುವ ಸಲಕರಣೆ ದುಬಾರಿ. ಬೇರೆ ಮನೆಗೆ ಒಯ್ದರೆ ಅಲ್ಲೂ ಎಡಗಡೆಯದಕ್ಕೆ ಎಡಗಡೆಯ, ಬಲಗಡೆಯದಕ್ಕೆ ಬಲಗಡೆಯ ಮೂಲೆಯೇ ಸಿಗಬೇಕು. ಬಾಕ್ಸು ಮುಂದೆ ಬೇರೆ ಕಡೆ ಹೋಗಬೇಕು ಅಂತಿದ್ದರೆ ಮೂಲೆಯನ್ನು ತಪ್ಪಿಸುವುದೇ ಒಳ್ಳೇದು.

ಹತ್ತು ಅಡಿ ಅಂದರೆ 3050 ಮಿ.ಮೀ. ಆಗಬೇಕು. ಹಳೇ ಗೋಡೆ ನೇರ ಇರುವುದಿಲ್ಲ. ಒಂದು ಕಡೆ 3050, ಇನ್ನೊಂದು ಕಡೆ 3030 ಬಂತು. ಬಾಕ್ಸುಗಳನ್ನು ಒಟ್ಟು 3000ಕ್ಕೆ ಹೊಂದಿಸಿ, ಉಳಿದದ್ದಕ್ಕೆ ಒಂದು ಪಟ್ಟಿ ಹೊಡೆದೆವು. ಬಡಗಿಗಳು ಕೆಲವು ಸಲ ಗೋಡೆಯಿಂದ ಗೋಡೆಗೆ ಕೂದಲೆಳೆಯಷ್ಟೂ ಬಿಡದೆ ಬಾಕ್ಸನ್ನೇ ಕತ್ತರಿಸಿ ಕೂರಿಸುತ್ತಾರೆ. ಅದು ಅವರ ಕೈಚಳಕ, ಒಪ್ಪುತ್ತೇನೆ. ಆದರೆ 637 ಅಗಲದ ಬಾಕ್ಸು ಇನ್ನೊಂದು ಮನೆಯಲ್ಲಿ ಎಲ್ಲೂ ಕೂರುವುದಿಲ್ಲ. 300, 450, 600, 900 ಅಗಲದ್ದಾದರೆ ಶಟರು (ಬಾಕ್ಸಿನ ಬಾಗಿಲು), ಡ್ರಾಯರು, ತಂತಿ ಬುಟ್ಟಿ ಎಲ್ಲ ಎಲ್ಲಿ ಬೇಕಾದರೂ ಸಿಗುತ್ತವೆ.

ಪೂರ್ವದ ಸಾಲು ದಕ್ಷಿಣದಿಂದ ಹೀಗೆ ಬಂತು: ಎಣ್ಣೆ ಮತ್ತು ಮಸಾಲೆಗೆ 300, ಒಲೆಯ ಕೆಳಗೆ 900, ಹೆಚ್ಚುವ ಜಾಗಕ್ಕೆ 600, ಸಿಂಕಿಗೆ 600, ಯುಟಿಲಿಟಿ ಬಾಗಿಲ ಪಕ್ಕ ಇನ್ನೊಂದು 600. ಒಲೆ ಆಗ್ನೇಯಕ್ಕೆ ಬಿತ್ತು, ಸಿಂಕು ಈಶಾನ್ಯದ ಕಡೆಗೆ. ಅತ್ತೆಯವರಿಗೆ ಸಮಾಧಾನವಾಯಿತು. ಒಲೆಗೂ ಸಿಂಕಿಗೂ ನಡುವೆ ಎರಡು ಅಡಿ ಸಿಕ್ಕಿತಲ್ಲ, ನನಗೆ ಅದು ಮುಖ್ಯ. ತೊಳೆದದ್ದನ್ನು ಹೆಚ್ಚಿ, ಹೆಚ್ಚಿದ್ದನ್ನು ಒಲೆಗೆ ಹಾಕುವ ಕೆಲಸ ಅಲ್ಲೇ ನಡೆಯುತ್ತದೆ.

ಎತ್ತರ

ಇದಕ್ಕೆ ಜಾಸ್ತಿ ಹೊತ್ತು ಹಿಡಿಯಿತು, ಹಿಡಿಯಲೇಬೇಕಿತ್ತು. ಅಂಗಡಿಯಲ್ಲಿ ಸಿಗುವ ಕೆಳಬಾಕ್ಸು ಸಾಮಾನ್ಯವಾಗಿ 720 ಎತ್ತರ. ಕೆಳಗೆ 100ರ ಕಾಲು, ಮೇಲೆ 20ರ ಕಲ್ಲು. ಒಟ್ಟು 840, ಅಂದರೆ 33 ಅಂಗುಲ. ಅತ್ತೆಗೂ ಅದೇ, ಸೊಸೆಗೂ ಅದೇ. ಇಬ್ಬರಿಗೂ ಅದು ಸರಿಯಲ್ಲ.

ನಿಂತು ಹೆಚ್ಚುವಾಗ ಕಟ್ಟೆ ಮೊಣಕೈಗಿಂತ ಸುಮಾರು 100ರಿಂದ 150 ಮಿ.ಮೀ. ಕೆಳಗಿರಬೇಕು. ಅಳೆದು ನೋಡಿದೆವು. ಸೊಸೆಯ ಮೊಣಕೈ ನೆಲದಿಂದ 1050, ಅತ್ತೆಯದು 920. ಆದರೆ ಅತ್ತೆಯವರು ನಿಂತು ಹೆಚ್ಚುವುದೇ ಇಲ್ಲ. ಅವರು ಕೂತು ಹೆಚ್ಚುತ್ತಾರೆ. ನಿಂತು ಮಾಡುವುದು ಒಲೆಯ ಕೆಲಸ ಮಾತ್ರ. ಇದು ಗೊತ್ತಾದ ಮೇಲೆ ಗಂಟು ಬಿಡಿಸಿಕೊಂಡಿತು. ಒಲೆಯ ಎತ್ತರ ಅತ್ತೆಗೆ ಹೊಂದಬೇಕು, ಹೆಚ್ಚುವ ಮತ್ತು ತೊಳೆಯುವ ಕಟ್ಟೆ ಸೊಸೆಗೆ.

ಕಟ್ಟೆಯ ಮೇಲಿಡುವ ಗ್ಯಾಸ್ ಸ್ಟೌವೇ 140 ಮಿ.ಮೀ. ಹತ್ತಿರ ಎತ್ತರ ಇರುತ್ತದೆ. ಅದರ ಮೇಲೆ ಕುಕ್ಕರು, ಅದರೊಳಗೆ ಸೌಟು. 840ರ ಕಟ್ಟೆಯ ಮೇಲೆ ಪಾತ್ರೆಯ ತಳ 980ಕ್ಕೆ ಬರುತ್ತದೆ. ಅತ್ತೆಯವರ ಮೊಣಕೈ 920ರಲ್ಲಿದೆ! ತಳವೇ ಮೊಣಕೈಗಿಂತ ಮೇಲೆ. ಹುಳಿ ಕುದಿಯುತ್ತಿದೆಯಾ ಅಂತ ನೋಡಲು ಅವರು ತುದಿಗಾಲಲ್ಲಿ ನಿಲ್ಲಬೇಕು. ಬಿಸಿ ಆವಿ ಮುಖಕ್ಕೆ. ಇನ್ನು ಮುದ್ದೆ ತಿರುವುವವರಿಗಂತೂ ಒಲೆ ತಗ್ಗಿನಲ್ಲಿದ್ದರೇ ಕೈಗೆ ಬಲ ಬರುವುದು.

ಹಾಗಾಗಿ ಒಲೆಯ 900 ಮತ್ತು ಮಸಾಲೆಯ 300 ಬಾಕ್ಸುಗಳನ್ನು ಗಿಡ್ಡ ಮಾಡಿಸಿದೆವು. ಸುಮಾರು 580ರ ಬಾಕ್ಸು, 100ರ ಕಾಲು, 20ರ ಕಲ್ಲು, ಒಟ್ಟು 700. ಸ್ಟೌವ್ ಇಟ್ಟಮೇಲೆ ಪಾತ್ರೆಯ ತಳ 840ಕ್ಕೆ ಬರುತ್ತದೆ. ಉಳಿದ ಮೂರು ಬಾಕ್ಸುಗಳಿಗೆ 150ರ ಕಾಲು ಹಾಕಿದೆವು: 720, 150, 20 ಸೇರಿ 890. ಒಲೆಯ ಮೇಲ್ಮೈ ಮತ್ತು ಪಕ್ಕದ ಕಟ್ಟೆ ನಡುವೆ 50 ಮಿ.ಮೀ. ವ್ಯತ್ಯಾಸ ಮಾತ್ರ. ಹೆಚ್ಚಿದ್ದನ್ನು ಮಣೆಯಿಂದ ಹಾಗೇ ಬಾಣಲೆಗೆ ಜಾರಿಸಬಹುದು.

ಸಿಂಕಿನ ಕಡೆ ಎತ್ತರ ಜಾಸ್ತಿ ಇರುವುದಕ್ಕೆ ಇನ್ನೂ ಒಂದು ಕಾರಣ ಇದೆ. ಕೈ ಕೆಲಸ ಮಾಡುವುದು ಸಿಂಕಿನ ತಳದಲ್ಲಿ. 8 ಅಂಗುಲ ಆಳದ ಸಿಂಕಾದರೆ ಕೆಲಸದ ಎತ್ತರ ಕಟ್ಟೆಗಿಂತ 8 ಅಂಗುಲ ಕೆಳಗೆ ಹೋಯಿತು. ಸೊಸೆಯ ಸೊಂಟ ನೋವಿಗೆ ಮೂಲ ಅಲ್ಲಿತ್ತು.

ಲೆಕ್ಕ ಹಾಕಿದ್ದು ಕಾಗದದ ಮೇಲೆ. ಅದನ್ನು ನಂಬಿ ಕಲ್ಲು ಕತ್ತರಿಸಲಿಲ್ಲ. ರಟ್ಟಿನ ಪೆಟ್ಟಿಗೆ, ಹಳೇ ಹಲಗೆ ಜೋಡಿಸಿ ಎರಡೂ ಎತ್ತರ ಮಾಡಿ, ಮೇಲೆ ಖಾಲಿ ಸ್ಟೌವಿಟ್ಟು ಇಬ್ಬರನ್ನೂ ನಿಲ್ಲಿಸಿದೆವು. ಸೊಸೆಗೆ ತಗ್ಗಿನ ಒಲೆ ತೊಂದರೆ ಆಗಬಹುದು ಅಂತ ಅನುಮಾನ ಇತ್ತು. ಅವರು ಕುಕ್ಕರಿನಲ್ಲಿ ಸೌಟಾಡಿಸಿ ನೋಡಿ, "ಅತ್ತೆ, ಇದು ನನಗೂ ಆಗುತ್ತೆ. ಒಳಗೆ ಏನಿದೆ ಅಂತ ಕಾಣ್ತಿದೆ" ಅಂದರು. ಯಾರೇ ಅಡುಗೆಮನೆ ಮಾಡಿಸಲಿ, ಈ ರಟ್ಟಿನ ಕೆಲಸವನ್ನು ಬಿಡಬೇಡಿ. ಖರ್ಚೇನೂ ಇಲ್ಲ, ಒಂದು ಬೆಳಗ್ಗೆ ಸಾಕು.

ಕೂತು ಮಾಡುವ ಕೆಲಸ

ಇವತ್ತು ನಾವು ಮಾಡ್ಯುಲರ್ ಅನ್ನುವ ಅಡುಗೆಮನೆಯ ಬೇರು 1926ರ ಫ್ರಾಂಕ್‌ಫರ್ಟಿನಲ್ಲಿದೆ. ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೆಟೆ ಶುಟ್ಟೆ-ಲಿಹೊಟ್ಸ್ಕಿ ಅಲ್ಲಿನ ಸಾರ್ವಜನಿಕ ವಸತಿ ಯೋಜನೆಗೆ ಒಂದು ಪುಟ್ಟ ಅಡುಗೆಮನೆ ರೂಪಿಸಿದರು. ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದ. ಹೆಣ್ಣುಮಕ್ಕಳ ದುಡಿಮೆಯ ಹೊತ್ತು ಉಳಿಯಬೇಕು ಅನ್ನುವುದು ಅವರ ಕಾಳಜಿ. ಒಂದೊಂದು ಕೆಲಸಕ್ಕೂ ಎಷ್ಟು ಹೊತ್ತು, ಎಷ್ಟು ಹೆಜ್ಜೆ ಅಂತ ಅಳೆದು ಕಟ್ಟಿದ ಅಡುಗೆಮನೆ ಅದು. ಸುಮಾರು 10,000 ಮನೆಗಳಿಗೆ ಹೋಯಿತು. ಅದು ಒಬ್ಬರಿಗೆ ಮಾಡಿದ್ದು, ಇಬ್ಬರು ಒಟ್ಟಿಗೆ ಕೆಲಸ ಮಾಡಲು ಜಾಗ ಸಾಲದು ಅನ್ನುವ ದೂರು ಆಮೇಲೆ ಬಂತು. ಆದರೆ ಅದರಲ್ಲಿ ಒಂದು ತಿರುಗುವ ಸ್ಟೂಲ್ ಇತ್ತು. ಕಿಟಕಿಯ ಬೆಳಕಿನಲ್ಲಿ ಕೂತು ಹೆಚ್ಚಲು ಜಾಗ ಇತ್ತು. ಆ ನಕ್ಷೆಯ ಮರಿಮಕ್ಕಳಾಗಿ ನಮ್ಮ ಊರಿಗೆ ಬಂದ ಅಡುಗೆಮನೆಗಳಲ್ಲಿ ಆ ಕೂರುವ ಜಾಗ ಮಾತ್ರ ಎಲ್ಲೋ ಬಿಟ್ಟುಹೋಯಿತು. ನನಗೆ ಇದು ಬೇಸರದ ವಿಷಯ. ಕೂತು ಅಡುಗೆ ಮಾಡುವುದು ನಮ್ಮ ಕಡೆಗೆ ಹೊಸದಲ್ಲವಲ್ಲ.

ಈ ಮನೆಯ ಪಶ್ಚಿಮದ ಸಾಲಿನಲ್ಲಿ 900 ಅಗಲದ ಜಾಗವನ್ನು ಖಾಲಿ ಬಿಟ್ಟೆವು. ಬಾಕ್ಸಿಲ್ಲ, ಶಟರಿಲ್ಲ. ಅಲ್ಲಿ 750 ಎತ್ತರದ, ಚಕ್ರವಿರುವ ಒಂದು ಮೇಜು. ಚಕ್ರಕ್ಕೆ ಬ್ರೇಕು. ಮೇಜನ್ನು ಹೊರಗೆಳೆದರೆ ಮೂರಡಿ ಅಗಲದ ನೆಲ ಸಿಗುತ್ತದೆ. ಈಳಿಗೆ ಮಣೆ, ತುರಿಮಣೆ ಹಾಕಿಕೊಂಡು, ಗೋಡೆಗೆ ಒರಗಿ ಕೂರಬಹುದು. ಓಡಾಡುವವರ ಕಾಲಿಗೂ ಸಿಗುವುದಿಲ್ಲ. ಮೇಜನ್ನು ಒಳಗೆ ತಳ್ಳಿದರೆ ಕುರ್ಚಿ ಹಾಕಿಕೊಂಡು ಚಪಾತಿ ಲಟ್ಟಿಸಬಹುದು, ಸೊಪ್ಪು ಬಿಡಿಸಬಹುದು. ಹಬ್ಬದ ದಿನ ಅದನ್ನೇ ನಡುಮನೆಗೆ ಒಯ್ದು ಒಬ್ಬಟ್ಟು ತಟ್ಟಬಹುದು.

ಖಾಲಿ ಜಾಗಕ್ಕೆ ಎಲ್ಲರನ್ನೂ ಒಪ್ಪಿಸುವುದು ಸುಲಭವಾಗಲಿಲ್ಲ. "ದುಡ್ಡು ಕೊಟ್ಟು ಮಾಡಿಸ್ತಿದೀವಿ, ಮೂರಡಿ ಸುಮ್ನೆ ಬಿಡೋದಾ?" ಅಂತ ಮಗ ಕೇಳಿದರು. ನ್ಯಾಯವಾದ ಪ್ರಶ್ನೆ. ಅತ್ತೆಯವರ ಪಾತ್ರೆಗಳನ್ನೆಲ್ಲ ಹೊರಗೆ ತೆಗೆದು ಹರಡಿದ ಮೇಲೆ ಉತ್ತರ ಸಿಕ್ಕಿತು. ದಿನಾ ಬೇಕಾದದ್ದು, ವಾರಕ್ಕೊಮ್ಮೆ ಬೇಕಾದದ್ದು, ಹಬ್ಬಕ್ಕೆ ಮಾತ್ರ ಬೇಕಾದದ್ದು ಅಂತ ಮೂರು ಗುಂಪು ಮಾಡಿದೆವು. ದಿನದ ಗುಂಪು ಎಲ್ಲಕ್ಕಿಂತ ಚಿಕ್ಕದಿತ್ತು. ದೊಡ್ಡ ತಪ್ಪಲೆ, ಚಕ್ಕುಲಿ ಒರಳು, ಹೆಚ್ಚುವರಿ ಇಡ್ಲಿ ತಟ್ಟೆ, ಮದುವೆಗೆ ಬಂದ ಡಬ್ಬಿಗಳು ಅಟ್ಟಕ್ಕೆ ಹೋದವು. ಉಳಿದದ್ದು ಆ ಖಾಲಿ ಜಾಗ ಇಲ್ಲದೆಯೂ ಹಿಡಿಸಿತು. ಬಾಕ್ಸು ಎಷ್ಟು ಬೇಕು ಅಂತ ಪಾತ್ರೆ ಹರಡಿ ನೋಡಿ ತೀರ್ಮಾನಿಸಬೇಕು. ಗೋಡೆ ಎಷ್ಟಿದೆ ಅಂತ ನೋಡಿ ತೀರ್ಮಾನಿಸಿದರೆ ತುಂಬಿಸಲೆಂದೇ ಸಾಮಾನು ಬರುತ್ತದೆ.

ಪಶ್ಚಿಮದ ಉಳಿದ ಸಾಲು ಹೀಗೆ: ಫ್ರಿಜ್ಜಿಗೆ 750, ಬೇಳೆಕಾಳಿಗೆ 450 ಅಗಲದ ಎತ್ತರದ ಕಪಾಟು, ಮಿಕ್ಸಿ-ಗ್ರೈಂಡರಿಗೆ 900ರ ಕಟ್ಟೆ. ಅಕ್ಕಿ ಮೂಟೆ ಚಕ್ರದ ಡಬ್ಬಿಗೆ ಹೋಯಿತು.

ಜರುಗಿಸಬೇಕೆಂದರೆ ಏನೇನು ಬೇಕು

ಮೊದಲನೆಯದು ಟೈಲ್ಸು. ಸಾಮಾನ್ಯವಾಗಿ ಬಾಕ್ಸು ಬರುವ ಕಡೆ ನೆಲದ ಟೈಲ್ಸ್ ಬಿಟ್ಟು ದುಡ್ಡು ಉಳಿಸುತ್ತಾರೆ. ಹಾಗೆ ಮಾಡಿದರೆ ಬಾಕ್ಸು ತೆಗೆದ ದಿನ ಅಡಿಯಲ್ಲಿ ಸಿಮೆಂಟು ಕಾಣುತ್ತದೆ, ಆಮೇಲೆ ಯಾರೂ ತೆಗೆಯುವುದಿಲ್ಲ. ಇಲ್ಲಿ ಗೋಡೆಯಿಂದ ಗೋಡೆಗೆ ಪೂರ್ತಿ ನೆಲಕ್ಕೆ ಟೈಲ್ಸ್ ಹಾಕಿಸಿ, ಪಶ್ಚಿಮದ ಗೋಡೆಗೂ ನೆಲದಿಂದಲೇ ಹತ್ತಿಸಿದೆವು. ಆಮೇಲೆ ಬಾಕ್ಸು ತಂದದ್ದು. ಸ್ವಲ್ಪ ಖರ್ಚು ಜಾಸ್ತಿಯಾಯಿತು, ಆದರೆ ಇಡೀ ಯೋಜನೆ ನಿಂತಿರುವುದೇ ಇದರ ಮೇಲೆ.

ಎರಡನೆಯದು ಕಲ್ಲು. 20 ಮಿ.ಮೀ. ದಪ್ಪದ ಗ್ರಾನೈಟು ಚದರ ಮೀಟರಿಗೆ ಸುಮಾರು 54 ಕೆಜಿ ತೂಗುತ್ತದೆ. ಹತ್ತಡಿಯ ಒಂದೇ ಕಲ್ಲು ಹಾಕಿದರೆ ನೂರು ಕೆಜಿ ಹತ್ತಿರ. ಅದನ್ನು ಎತ್ತಲು ಹೋದರೆ ಸಿಂಕಿನ ತೂತಿನ ಹತ್ತಿರ ಮುರಿಯುವ ಭಯ. ನಾವು ತುಂಡು ತುಂಡಾಗಿ ಹಾಕಿದೆವು. ಒಲೆಯ ಕಡೆ 1200ರ ಒಂದು, ಹೆಚ್ಚುವ ಜಾಗ ಮತ್ತು ಸಿಂಕು ಸೇರಿ 1200ರ ಇನ್ನೊಂದು, ಕೊನೆಗೆ 600ರ ಚಿಕ್ಕದು. ದೊಡ್ಡ ತುಂಡು 40 ಕೆಜಿ ಒಳಗೆ, ಇಬ್ಬರು ಎತ್ತಬಹುದು. ಕಲ್ಲನ್ನು ಸಿಮೆಂಟಿನಿಂದ ಕೂರಿಸಲಿಲ್ಲ. ಬಾಕ್ಸಿನ ಮೇಲೆ ಸಿಲಿಕೋನ್ ಹಚ್ಚಿ ಇಟ್ಟೆವು. ತೆಳುವಾದ ಬ್ಲೇಡಿನಿಂದ ಕೊಯ್ದರೆ ಬಿಡುತ್ತದೆ. ಕಲ್ಲಿನ ಕೆಲಸದವರು "ಜಾಯಿಂಟ್ ಕಾಣುತ್ತೆ ಸಾರ್" ಅಂದರು. ಹೌದು, ಕಾಣುತ್ತದೆ.

ಮೂರನೆಯದು ಮರ. ಸಿಂಕಿನ ಕೆಳಗೆ ಐಎಸ್ 710 (ಭಾರತೀಯ ಮಾನಕ) ಗುರುತಿನ ಪ್ಲೈವುಡ್ಡೇ ಬೇಕು ಅಂತ ಹಟ ಹಿಡಿದೆ. ಅದು 72 ಗಂಟೆ ಕುದಿಯುವ ನೀರಿನಲ್ಲಿಟ್ಟು ಪರೀಕ್ಷೆ ಮಾಡುವ ದರ್ಜೆ. ಉಳಿದ ಬಾಕ್ಸಿಗೆ ಮರದ ಚೂರು ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಹಾಕಿದರೆ ಅಗ್ಗ. ಆದರೆ ಅದರಲ್ಲಿ ಸ್ಕ್ರೂ ಒಮ್ಮೆ ಬಿಚ್ಚಿ ಮತ್ತೆ ಹಾಕಿದರೆ ಹಿಡಿತ ಸಡಿಲವಾಗುತ್ತದೆ, ನೀರು ತಾಗಿದರೆ ಊದುತ್ತದೆ. ಎಂದೂ ಅಲುಗಿಸದ ಬಾಕ್ಸಿಗೆ ಅದು ಪರವಾಗಿಲ್ಲ. ಬಿಚ್ಚಿ ಜೋಡಿಸಬೇಕಾದ ಬಾಕ್ಸಿಗೆ ಪ್ಲೈವುಡ್ಡೇ ಸರಿ.

ಬಾಕ್ಸಿನ ಒಳಬದಿಗೆ ಮೇಲಿಂದ ಕೆಳಗೆ 5 ಮಿ.ಮೀ. ತೂತುಗಳ ಸಾಲು, 32 ಮಿ.ಮೀ.ಗೊಂದು. ಕಾರ್ಖಾನೆಯಲ್ಲಿ ಮಾಡುವ ಬಾಕ್ಸುಗಳಲ್ಲಿ ಇದು ಯುರೋಪಿನಿಂದ ಬಂದ ರೂಢಿ. ಹಿಂಜು, ಡ್ರಾಯರ್ ಜಾರುವ ಚಾನೆಲ್ಲು, ಹಲಗೆಯ ಪಿನ್ನು ಎಲ್ಲ ಈ ಅಳತೆಗೆ ಕೂರುತ್ತವೆ. ಇವತ್ತು ಹಲಗೆ ಇರುವ ಕಡೆ ನಾಳೆ ಡ್ರಾಯರ್ ಹಾಕಬಹುದು, ಹೊಸ ತೂತು ಕೊರೆಯಬೇಕಿಲ್ಲ. ಸ್ಥಳದಲ್ಲೇ ಬಡಗಿಯಿಂದ ಮಾಡಿಸುವವರೂ ಇದನ್ನು ಕೇಳಿ ಹಾಕಿಸಿಕೊಳ್ಳಬಹುದು.

ಚಾನೆಲ್ಲಿನ ಬಗ್ಗೆ ಒಂದು ಮಾತು. ಒಲೆ ಕೆಳಗಿನ 900ರ ಡ್ರಾಯರಿಗೆ ಹೋಗುವ ಕುಕ್ಕರು, ಸ್ಟೀಲು ಪಾತ್ರೆ, ಕಬ್ಬಿಣದ ಕಾವಲಿ ಎಲ್ಲ ತೂಕ ಮಾಡಿಸಿದೆವು. 30 ಕೆಜಿ ಹತ್ತಿರ ಬಂತು. 50 ಕೆಜಿ ತಾಳುವ ಚಾನೆಲ್ ಹಾಕಿದೆವು. ಬರೀ "ಸಾಫ್ಟ್ ಕ್ಲೋಸ್" ಅಂತ ಕೇಳಿ ತಂದರೆ ಎಷ್ಟು ತೂಕಕ್ಕೆ ಅನ್ನುವುದು ಮರೆತೇ ಹೋಗುತ್ತದೆ.

ಕಾಲುಗಳು ತಿರುಪಿನವು. ಹಳೇ ನೆಲ ಯುಟಿಲಿಟಿ ಕಡೆಗೆ ಇಳಿಜಾರಿತ್ತು, ಕಾಲು ತಿರುಗಿಸಿ ಮಟ್ಟ ಮಾಡಿದೆವು. ಕೆಳಗಿನ ಅಡ್ಡಪಟ್ಟಿ ಕ್ಲಿಪ್ಪಿನದು, ಎಳೆದರೆ ಬರುತ್ತದೆ. ವಾರಕ್ಕೊಮ್ಮೆ ತೆಗೆದು ಗುಡಿಸಿದರೆ ಜಿರಲೆಗೆ ನೆಲೆ ಸಿಗುವುದಿಲ್ಲ. ಮೇಲಿನ ಕಪಾಟುಗಳನ್ನು ಗೋಡೆಗೆ ಹೊಡೆದ ಉಕ್ಕಿನ ಪಟ್ಟಿಗೆ ನೇತುಹಾಕಿದ್ದೇವೆ. ಅವನ್ನು ಎಡಕ್ಕೆ ಬಲಕ್ಕೆ ಜರುಗಿಸಬಹುದು.

ಗ್ಯಾಸು ಮತ್ತು ಕರೆಂಟು

ಸಿಲಿಂಡರನ್ನು ಬಾಕ್ಸಿನೊಳಗೆ ಇಡಲಿಲ್ಲ. ಯುಟಿಲಿಟಿಯಲ್ಲಿ, ಗಾಳಿಯಾಡುವ ಕಡೆ, ನೀರು ಹೋಗುವ ಜಾಲರಿಯಿಂದ ದೂರ ನಿಲ್ಲಿಸಿ, ಗ್ಯಾಸ್ ಏಜೆನ್ಸಿಯ ಮೆಕ್ಯಾನಿಕ್ಕಿನಿಂದ ತಾಮ್ರದ ಪೈಪು ಎಳೆಸಿದೆವು. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೆಲದ ಮಟ್ಟದಲ್ಲಿ ಸೇರಿಕೊಳ್ಳುತ್ತದೆ, ಮೋರಿಗೂ ಇಳಿಯುತ್ತದೆ. ಬೆಂಗಳೂರಿನ ಹಲವು ಬಡಾವಣೆಗಳಿಗೆ ಪೈಪ್ ಗ್ಯಾಸ್ ಬಂದಿದೆ, ಬರುತ್ತಲೂ ಇದೆ. ಅದು ಮೀಥೇನು, ಗಾಳಿಗಿಂತ ಹಗುರ, ಮೇಲಕ್ಕೇರುತ್ತದೆ. ಹಾಗಾಗಿ ಒಲೆ ಕೆಳಗಿನ ಬಾಕ್ಸಿಗೆ ತಳದಲ್ಲೂ ಸೀಳು ಬಿಟ್ಟೆವು, ಮೇಲೂ ಬಿಟ್ಟೆವು. ಯಾವ ಗ್ಯಾಸ್ ಬಂದರೂ ಒಳಗೆ ಕಟ್ಟಿಕೊಳ್ಳಬಾರದು. ಕಟ್ಟೆಗೆ ತೂತು ಕೊರೆದು ಕೂರಿಸುವ ಹಾಬ್ ಬೇಡ ಅಂದದ್ದು ಮುಂದೆ ಬದಲಿಸಬೇಕಾಗಬಹುದು ಅನ್ನುವ ಯೋಚನೆಯಿಂದ. ಬಿಡಿ ಸ್ಟೌವ್ ಆದರೆ ಜಾಗ ಬದಲಿಸಬಹುದು, ಪಕ್ಕದಲ್ಲಿ ಇಂಡಕ್ಷನ್ನೂ ಇಡಬಹುದು.

ಇಂಡಕ್ಷನ್ ಒಲೆ 2000 ವ್ಯಾಟಿನದಾದರೆ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಅದೇ ಲೈನಿಗೆ ಅಷ್ಟೇ ದೊಡ್ಡ ಇನ್ನೊಂದು ಸಾಮಾನು ಸೇರಿದರೆ 16 ಆಂಪಿಯರ್ ದಾಟಿತು. ಹಾಗಾಗಿ 16 ಆಂಪಿಯರಿನ ಪ್ಲಗ್ಗುಗಳಿಗೆ ಬೇರೆ ಬೇರೆ ಲೈನು: ಒಲೆಯ ಹತ್ತಿರ ಒಂದು, ಕೊನೆಯ 600ರ ಬಾಕ್ಸಿನ ಪಕ್ಕ ಒಂದು, ಪಶ್ಚಿಮದ ಗೋಡೆಯಲ್ಲಿ ಎರಡು. ಪಶ್ಚಿಮದ ಸಾಲು ಜರುಗುವುದರಿಂದ ಅಲ್ಲಿ ಪ್ಲಗ್ಗುಗಳನ್ನು ಒಂದೇ ಎತ್ತರದಲ್ಲಿ, ಗೋಡೆಯುದ್ದಕ್ಕೂ ಹಂಚಿದ್ದೇವೆ. ಮೇಜಿನ ಹಿಂದೆಯೂ ಒಂದಿದೆ. ಟೈಲ್ಸ್ ಮುಚ್ಚುವ ಮುಂಚೆ ಪೈಪು, ವೈರು ಹೋದ ದಾರಿಯ ಫೋಟೋಗಳನ್ನು ಪಕ್ಕದಲ್ಲಿ ಅಳತೆ ಟೇಪ್ ಹಿಡಿದು ತೆಗೆದು ಮನೆಯವರಿಗೆ ಕೊಟ್ಟೆ. ಮುಂದೆ ಡ್ರಿಲ್ ಹಿಡಿದು ಬರುವವರಿಗೆ ಅದೇ ದಾರಿ ತೋರಿಸಬೇಕು.

ಆ ಕೊನೆಯ 600ರ ಬಾಕ್ಸು ಡಿಶ್‌ವಾಷರಿಗೆ ಕಾದಿಟ್ಟ ಜಾಗ. ಬಿಡಿಯಾಗಿ ನಿಲ್ಲುವ ಡಿಶ್‌ವಾಷರು ಸಾಮಾನ್ಯವಾಗಿ 600 ಅಗಲ, 845 ಹತ್ತಿರ ಎತ್ತರ. 890ರ ಕಟ್ಟೆಯ ಕೆಳಗೆ 870 ಖಾಲಿ ಇದೆ, ಎತ್ತರಕ್ಕೆ ತೊಂದರೆಯಿಲ್ಲ. ಅಗಲಕ್ಕೆ ಬೇಕಾದರೆ ಗೋಡೆ ಕಡೆಯ ಪಟ್ಟಿ ತೆಗೆದರಾಯಿತು. ಮಾಮೂಲಿ 840ರ ಕಟ್ಟೆಯಾಗಿದ್ದರೆ ಅದು ಹೋಗುತ್ತಲೇ ಇರಲಿಲ್ಲ. ನೀರಿನ ನಲ್ಲಿ, ಕೊಳಕು ನೀರಿನ ಬಾಯಿ, ಪ್ಲಗ್ಗು ಈಗಲೇ ಇವೆ. ಬಾಕ್ಸನ್ನು ಎಳೆದು ತೆಗೆದರೂ ಮೇಲಿನ ಚಿಕ್ಕ ಕಲ್ಲು ಬೀಳದಂತೆ ಗೋಡೆಗೆ ಕಬ್ಬಿಣದ ಆಂಗಲ್ ಹೊಡೆದಿದ್ದೇವೆ.

ಹಣದ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಚದರಡಿ ಲೆಕ್ಕದಲ್ಲಿ ದರ ಕೇಳಿದರೆ ಖಾಲಿ ಬಿಟ್ಟ ಜಾಗಕ್ಕೂ ಬೆಲೆ ಸೇರಿಕೊಳ್ಳಬಹುದು, ಡ್ರಾಯರ್ ಎಷ್ಟು, ಶಟರ್ ಎಷ್ಟು ಅನ್ನುವುದು ಮಸುಕಾಗುತ್ತದೆ. ಬಾಕ್ಸಿಗೆ ಇಷ್ಟು, ಚಾನೆಲ್ಲಿಗೆ ಇಷ್ಟು, ಶಟರಿಗೆ ಇಷ್ಟು ಅಂತ ಬಿಡಿಸಿ ಬರೆಸಿಕೊಳ್ಳಿ. ಇಲ್ಲಿ ದುಡ್ಡು ಪ್ಲೈವುಡ್ಡು, ಚಾನೆಲ್ಲು, ವೈರು, ಟೈಲ್ಸಿಗೆ ಹೋಯಿತು. ಶಟರಿಗೆ ಮಾಮೂಲಿ ಲ್ಯಾಮಿನೇಟು. ಸೊಸೆಗೆ ಹೊಳೆಯುವ ಅಕ್ರಿಲಿಕ್ ಇಷ್ಟವಿತ್ತು. ಶಟರನ್ನು ಯಾವಾಗ ಬೇಕಾದರೂ ಬದಲಿಸಬಹುದು, ವೈರನ್ನು ಆಗುವುದಿಲ್ಲ ಅಂದಾಗ ಒಪ್ಪಿದರು.

ಬಳಕೆಗೆ ಬಂದ ಮೇಲೆ

ಎಲ್ಲವೂ ಸುಲಭವಾಯಿತು ಅಂತ ಹೇಳಲಾರೆ. ಎರಡು ಎತ್ತರದ ಕಟ್ಟೆ ಸೇರುವ ಮೆಟ್ಟಿಲಿನ ಮೂಲೆಯಲ್ಲಿ ಎಣ್ಣೆ ಕೂರುತ್ತದೆ, ದಿನಾ ಒರೆಸಬೇಕು. ಮೇಲಿನ ಕಪಾಟಿನ ಎರಡನೇ ಹಲಗೆಗೆ ಅತ್ತೆಯವರ ಕೈ ಹೋಗುವುದಿಲ್ಲ. ಅವರ ಸಾಮಾನೆಲ್ಲ ಕೆಳಗಿನ ಡ್ರಾಯರಿಗೆ ಬಂದಿದೆ. ಚಕ್ರದ ಮೇಜಿನ ಮೇಲೆ ಪೇಪರು, ಮೊಮ್ಮಗಳ ಪುಸ್ತಕ ಸೇರಿಕೊಳ್ಳುತ್ತವೆ.

ನಾವು ಎಣಿಸಿದ್ದಕ್ಕಿಂತ ಬೇಗ ಬಂದ ಬದಲಾವಣೆ ಅತ್ತೆಯವರ ಮಂಡಿಯದು. ಕೆಲವು ತಿಂಗಳಲ್ಲಿ ನೋವು ಜಾಸ್ತಿಯಾಗಿ, ಡಾಕ್ಟರು ನೆಲದ ಮೇಲೆ ಕೂರಬೇಡಿ ಅಂದರು. ಈಳಿಗೆ ಮಣೆ ಮೇಲಕ್ಕೆ ಹೋಯಿತು, ಕುರ್ಚಿ ಬಂತು. ಮೇಜು ಅವರ ಕಾಯಂ ಜಾಗವಾಯಿತು. ಆದರೆ ಮೇಜು ಇದ್ದದ್ದು ದಕ್ಷಿಣದ ಕೊನೆಗೆ, ಅಲ್ಲಿ ಕಿಟಕಿಯ ಬೆಳಕು ಕಮ್ಮಿ. ಸೊಪ್ಪು ಬಿಡಿಸುವಾಗ ಹುಳ ಕಾಣುವುದಿಲ್ಲ ಅಂದರು. ಪಕ್ಕದ 900ರ ಮಿಕ್ಸಿ ಕಟ್ಟೆಯನ್ನು ಮೇಜಿನ ಜಾಗಕ್ಕೆ ಜರುಗಿಸಿ, ಮೇಜನ್ನು ಕಿಟಕಿಯ ಎದುರಿಗೆ ತಂದೆವು. ಕಲ್ಲು ಎತ್ತಿಟ್ಟು, ಗೋಡೆಯ ಸ್ಕ್ರೂ ಬಿಚ್ಚಿ, ಬಾಕ್ಸು ಎಳೆದು, ಕಾಲು ಮಟ್ಟ ಮಾಡಿ, ಕಲ್ಲು ಮತ್ತೆ ಕೂರಿಸಿದ್ದು ಇಬ್ಬರು ಕೆಲಸದವರು, ಒಂದೇ ಬೆಳಗ್ಗೆ. ಹಿಂದೆ ಟೈಲ್ಸ್ ಇತ್ತು, ಪ್ಲಗ್ ಇತ್ತು. ಮಧ್ಯಾಹ್ನದ ಊಟಕ್ಕೆ ಒಲೆ ನಿಲ್ಲಿಸಬೇಕಾಗಲಿಲ್ಲ. ಎರಡೂ 900 ಆಗಿದ್ದರಿಂದ ಇದು ಆಯಿತು.

ಸೊಸೆ ಒಂದು ಹಲಗೆಯ ಜಾಗಕ್ಕೆ ಡ್ರಾಯರ್ ಹಾಕಿಸಿಕೊಂಡಿದ್ದಾರೆ. ಡಿಶ್‌ವಾಷರ್ ಇನ್ನೂ ತಂದಿಲ್ಲ. ಪೈಪ್ ಗ್ಯಾಸಿಗೆ ಅರ್ಜಿ ಹಾಕಿದ್ದಾರೆ. ಅದು ಬಂದಾಗ ಸ್ಟೌವಿನ ಜೆಟ್ ಬದಲಿಸಿಕೊಡುತ್ತಾರೆ, ಕಟ್ಟೆ ಮುಟ್ಟುವ ಕೆಲಸ ಇಲ್ಲ. ಮಹಡಿ ಕಟ್ಟುವಾಗ ಪಶ್ಚಿಮದ ಸಾಲು ಪೂರ್ತಿ ಮೇಲೆ ಹೋಗುತ್ತದೆ, ಪೂರ್ವದ ಸಾಲು ಕೆಳಗೇ ಅತ್ತೆಯವರಿಗೆ ಉಳಿಯುತ್ತದೆ ಅಂತ ಸದ್ಯಕ್ಕೆ ಮಾತಾಗಿದೆ. ಮೇಲಿನ ಅಡುಗೆಮನೆಯ ಗೋಡೆಯ ಅಳತೆಯನ್ನು ಈ ಬಾಕ್ಸುಗಳಿಗೆ ಹೊಂದಿಸಿ ಕಟ್ಟಿ ಅಂತ ಎಂಜಿನಿಯರಿಗೆ ಈಗಲೇ ಬರೆದು ಕೊಟ್ಟಿದ್ದೇವೆ.